ವಾಹನ ನಿಲುಗಡೆಯೂ ಅಚೌರ್ಯಾಣುವ್ರತವೂ

ಶ್ರಾವಕನ ಐದು ಅಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯವನ್ನು ಕುರಿತು ನಮ್ಮಲ್ಲಿ ಒಂದು ಬಗೆಯ ನಿಶ್ಚಿಂತೆ ಮನೆಮಾಡಿದೆ. ಅಹಿಂಸೆಯ ವಿಷಯದಲ್ಲಿ ನಮಗೆ ಎಚ್ಚರವಿದೆ. ನೀರನ್ನು ಸೋಸಿ ಕುಡಿಯುತ್ತೇವೆ, ಸೂರ್ಯಾಸ್ತದ ಮುನ್ನ ಊಟ ಮುಗಿಸುತ್ತೇವೆ, ಕಂದಮೂಲಗಳನ್ನು ಬಿಟ್ಟವರು ಇಂದಿಗೂ ಮನೆಮನೆಗಳಲ್ಲಿದ್ದಾರೆ. ಅಚೌರ್ಯದ ಮಾತು ಬಂದಾಗ ಮಾತ್ರ, "ನಾವೇನು ಕಳ್ಳರೇ? ಯಾರ ಮನೆಗೆ ಕನ್ನ ಹಾಕಿದ್ದೇವೆ?" ಎಂದು ನಕ್ಕು ಮುಂದಕ್ಕೆ ಹೋಗುತ್ತೇವೆ. ಕನ್ನ ಹಾಕದವನು ಕಳ್ಳನಲ್ಲ ಎಂಬುದು ದಂಡಸಂಹಿತೆಯ ಮಾತಾದೀತು. ನಮ್ಮ ಆಚಾರ್ಯರ ಮಾತಲ್ಲ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ಅವರು ವಿಧಿಸಿದರು. ಬಿದ್ದಿದ್ದನ್ನಾಗಲಿ, ಮರೆತು ಬಿಟ್ಟಿದ್ದನ್ನಾಗಲಿ, ಕೇಳುವವರಿಲ್ಲದ್ದನ್ನಾಗಲಿ ಎತ್ತಿಕೊಳ್ಳಲು ಅವರು ಅನುಮತಿ ಕೊಡಲಿಲ್ಲ.

ಈ ವ್ರತವನ್ನು ನಾವು ಪ್ರತಿ ಭಾನುವಾರ, ಪ್ರತಿ ಪರ್ವದಿನ, ಅದೂ ಬಸದಿಯ ಬಾಗಿಲಲ್ಲಿಯೇ ಭಂಗಗೊಳಿಸುತ್ತಿದ್ದೇವೆ ಎಂಬುದು ನನ್ನ ಆರೋಪ. ಆರೋಪಿಗಳ ಸಾಲಿನಲ್ಲಿ ಮೊದಲ ಹೆಸರು ನನ್ನದೇ. ಆದುದರಿಂದ ನನ್ನ ಕಥೆಯನ್ನೇ ಮೊದಲು ಒಪ್ಪಿಸುತ್ತೇನೆ.

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿರುವ ಬಸದಿಯ ವಾರ್ಷಿಕೋತ್ಸವಕ್ಕೆ ಕುಟುಂಬಸಮೇತ ಕಾರಿನಲ್ಲಿ ಹೋಗಿದ್ದೆ. ಬಸದಿಯ ರಸ್ತೆ ಎರಡೂ ಬದಿಯಲ್ಲಿ ತುಂಬಿತ್ತು. ಪಕ್ಕದ ರಸ್ತೆ, ಅದರಾಚೆಯ ರಸ್ತೆ, ಮತ್ತೆ ಮೊದಲ ರಸ್ತೆ ಎಂದು ಸುಮಾರು ಮುಕ್ಕಾಲು ಗಂಟೆ ಸುತ್ತಿದೆ. ಒಳಗೆ ಅಭಿಷೇಕದ ಮಂತ್ರ ಧ್ವನಿವರ್ಧಕದಲ್ಲಿ ಕೇಳಿಬರುತ್ತಿತ್ತು; ಹಿಂದಿನ ಸೀಟಿನಲ್ಲಿ ಕುಳಿತಿದ್ದ ನನ್ನ ಅಕ್ಕ, "ಇನ್ನು ಗಂಧೋದಕವೂ ತಪ್ಪುತ್ತದೆ" ಎಂದು ಅವಸರಪಡಿಸುತ್ತಿದ್ದರು. ಕೊನೆಗೆ ಅಡ್ಡರಸ್ತೆಯ ತಿರುವಿನ ಬಳಿ ಒಂದು ಜಾಗ ಕಂಡಿತು. ಒಂದು ಚಕ್ರವನ್ನು ಪಾದಚಾರಿ ಮಾರ್ಗದ ಮೇಲೇರಿಸಿ ನಿಲ್ಲಿಸಿದೆ. "ಧರ್ಮಕಾರ್ಯಕ್ಕೆ ಬಂದದ್ದು, ಒಂದೆರಡು ಗಂಟೆ ತಾನೆ" ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮೂರು ದಿನಗಳ ತರುವಾಯ ದಂಡದ ಚಲನ್ ಬಂದಿತು. ಜೊತೆಯಲ್ಲಿ ನನ್ನ ಕಾರಿನ ಛಾಯಾಚಿತ್ರವೂ ಇತ್ತು.

ನನಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. ಸಿಟ್ಟಿಗೆ ತುಪ್ಪ ಹೊಯ್ಯಲು ಹಿತೈಷಿಗಳೂ ಸಿದ್ಧರಿದ್ದರು. ಒಬ್ಬರು, "ಇಲಾಖೆಯಲ್ಲಿ ನಮ್ಮವರಿದ್ದಾರೆ, ಒಂದು ಮಾತು ಹೇಳಿಸಿದರೆ ಆಯಿತು" ಎಂದರು. ಇನ್ನೊಬ್ಬರು, "ಆ ದಿನ ಕಾರು ಕೆಟ್ಟು ನಿಂತಿತ್ತೆಂದು ಬರೆದು ಕೊಡಿ, ಗ್ಯಾರೇಜಿನ ಚೀಟಿ ನಾನು ಮಾಡಿಸಿಕೊಡುತ್ತೇನೆ" ಎಂದರು. ಮೂರನೆಯವರು ಎಲ್ಲರಿಗಿಂತ ವ್ಯವಹಾರಜ್ಞರು: "ಸುಮ್ಮನಿದ್ದುಬಿಡಿ. ಸರ್ಕಾರವೇ ಅರ್ಧಕ್ಕೆ ಇಳಿಸುತ್ತದೆ, ಆಗ ಕಟ್ಟೋಣ." ಈ ಮೂವರೂ ಸಜ್ಜನರು; ಅಷ್ಟಮಿ ಚತುರ್ದಶಿಗಳಂದು ಉಪವಾಸವಿರುವವರು. ಮೂವರೂ ನನಗೆ ತೋರಿಸಿದ ದಾರಿಗಳಾದರೋ ಕ್ರಮವಾಗಿ ಪ್ರಭಾವ, ಕೂಟಲೇಖ ಮತ್ತು ಲೋಭ.

ಯಾವ ದಾರಿಯನ್ನು ಹಿಡಿಯುವ ಮೊದಲೂ ಸ್ಥಳವನ್ನು ಕಣ್ಣಾರೆ ನೋಡಿ ಬರೋಣವೆಂದು ಹೊರಟೆ. ನಿಲುಗಡೆ ನಿಷೇಧದ ಫಲಕ ಅಲ್ಲಿರಲಿಲ್ಲವೆಂದು ನನ್ನ ನಂಬಿಕೆ. ಅದೇ ನನ್ನ ವಾದವಾಗಬೇಕಿತ್ತು. ಫಲಕ ಇತ್ತು. ಅದರ ಮೇಲೆ ಒಂದು ದೊಡ್ಡ ಬ್ಯಾನರು ಜೋತುಬಿದ್ದಿತ್ತು. ನಮ್ಮ ಉತ್ಸವದ ಸ್ವಾಗತದ ಬ್ಯಾನರು! ಕೆಳಗೆ ಸ್ವಾಗತ ಸಮಿತಿಯ ಸದಸ್ಯರ ಹೆಸರುಗಳ ಪಟ್ಟಿ. ಪಟ್ಟಿಯಲ್ಲಿ ಏಳನೆಯ ಹೆಸರು ನನ್ನದು.

ನಾನು ಅಲ್ಲಿ ನಿಂತಿದ್ದಾಗ ಎದುರು ಮನೆಯವರು ಹೊರಗೆ ಬಂದರು. ನಮ್ಮ ಸಮಾಜದವರಲ್ಲ. ಅವರ ತಾಯಿಗೆ ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಆಗಬೇಕು. ಉತ್ಸವದ ದಿನ ಅವರ ಗೇಟಿಗೆ ಅಡ್ಡಲಾಗಿ ನಮ್ಮವರ ಎರಡು ಕಾರುಗಳು ನಿಂತಿದ್ದವಂತೆ. ಒಳಗೆ ಬಂದು ಕೇಳಿಕೊಂಡ ಮೇಲೆ, ಪೂಜೆಯ ನಡುವೆ ಧ್ವನಿವರ್ಧಕದಲ್ಲಿ ಕಾರಿನ ಸಂಖ್ಯೆ ಕೂಗಿಸಿ, ಮಾಲೀಕರು ಎದ್ದು ಬರುವ ವೇಳೆಗೆ ಅರ್ಧ ಗಂಟೆ ಕಳೆದಿತ್ತು. ಅವರು ಜಗಳವಾಡಲಿಲ್ಲ. "ನಿಮ್ಮ ಧರ್ಮದಲ್ಲಿ ಇರುವೆಯನ್ನೂ ನೋಯಿಸಬಾರದೆಂದು ಕೇಳಿದ್ದೇನೆ ಸ್ವಾಮಿ" ಎಂದಷ್ಟೇ ಹೇಳಿ ಒಳಗೆ ಹೋದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನವೇ ನಾನು ಕೊಡಬಹುದಾದ ಉತ್ತರ.

ನೆಲ ಯಾರದು?

ಒಂದು ಕಾರು ನಿಲ್ಲಲು ಸಾಮಾನ್ಯವಾಗಿ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಬೇಕು. ಎಂದರೆ ಸುಮಾರು 135 ಚದರ ಅಡಿ. ನಗರದಲ್ಲಿ ಬಡ ಕುಟುಂಬವೊಂದು ಬಾಡಿಗೆ ಕೊಟ್ಟು ಸಂಸಾರ ಮಾಡುವ ಒಂದು ಕೋಣೆಯಷ್ಟು ನೆಲ. ದಿನಕ್ಕೆ ಎರಡು ಗಂಟೆ ಓಡುವ ಕಾರು ಉಳಿದ ಇಪ್ಪತ್ತೆರಡು ಗಂಟೆ ನಿಂತೇ ಇರುತ್ತದೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಇವುಗಳಲ್ಲಿ ಬಹುಪಾಲು ದ್ವಿಚಕ್ರ ವಾಹನಗಳೇ ಆದರೂ, ಚಿಕ್ಕಪೇಟೆ, ಬಳೇಪೇಟೆ, ಮಾಮೂಲುಪೇಟೆಗಳಂತಹ, ಎತ್ತಿನ ಗಾಡಿಯ ಕಾಲದ ಬೀದಿಗಳು ಈ ಭಾರವನ್ನು ಹೊರಲಾರವು. ವಾಹನ ಕೊಳ್ಳುವಾಗ ನಾವು ಬೆಲೆ ಕೊಟ್ಟಿದ್ದೇವೆ, ತೆರಿಗೆ ಕಟ್ಟಿದ್ದೇವೆ, ವಿಮೆ ಮಾಡಿಸಿದ್ದೇವೆ. ಅದು ನಿಲ್ಲುವ ನೆಲಕ್ಕೆ ಮಾತ್ರ ನಮ್ಮಲ್ಲಿ ಹೆಚ್ಚಿನವರು ಏನನ್ನೂ ಕೊಟ್ಟಿಲ್ಲ. ರಸ್ತೆ ತೆರಿಗೆಯೆಂಬುದು ವಾಹನವನ್ನು ರಸ್ತೆಯಲ್ಲಿ ಓಡಿಸಲು ಕೊಟ್ಟದ್ದೇ ಹೊರತು, ರಸ್ತೆಯ ಒಂದು ತುಂಡನ್ನು ಕ್ರಯಕ್ಕೆ ಪಡೆದದ್ದಲ್ಲ.

ಬಾಹ್ಯ ಪರಿಗ್ರಹಗಳನ್ನು ಎಣಿಸುವಾಗ ನಮ್ಮವರು ಕ್ಷೇತ್ರವನ್ನೂ ಸೇರಿಸಿದರು, ಯಾನವನ್ನೂ ಸೇರಿಸಿದರು. ಪರಿಗ್ರಹ ಪರಿಮಾಣ ವ್ರತ ಹಿಡಿದ ಗೃಹಸ್ಥನು ಎರಡಕ್ಕೂ ಮಿತಿಯನ್ನು ಹಾಕಿಕೊಳ್ಳುತ್ತಾನೆ. ಮನೆಯಲ್ಲಿ ಒಂದು ಕಾರಿಗೆ ಮಾತ್ರ ಜಾಗವಿದ್ದು ಮೂರು ಕಾರುಗಳನ್ನು ಇಟ್ಟುಕೊಂಡವನು ಯಾನದ ಮಿತಿಯನ್ನು ಮೀರಿದ್ದಾನೋ ಇಲ್ಲವೋ ಅವನೇ ಹೇಳಬೇಕು. ಆದರೆ ಎರಡು ಕಾರುಗಳಷ್ಟು ಕ್ಷೇತ್ರವನ್ನು ಬೀದಿಯಿಂದ ತನ್ನ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾನೆ ಎಂಬುದು ನಿಶ್ಚಯ. ಜಪಾನ್ ದೇಶದಲ್ಲಿ 1962ರ ಕಾನೂನಿನ ಮೂಲಕ, ವಾಹನ ನಿಲ್ಲಿಸಲು ಸ್ವಂತ ಅಥವಾ ಬಾಡಿಗೆಯ ಜಾಗವಿದೆಯೆಂದು ತೋರಿಸಿದ ಮೇಲೆಯೇ ಕಾರು ಹೊಂದುವ ಪದ್ಧತಿ ಬಂದಿತು. ಪರಿಮಾಣ ವ್ರತದ ಹೆಸರನ್ನೂ ಕೇಳದ ಜನ ಅದರ ಒಂದು ಅಂಶವನ್ನು ಕಾನೂನಾಗಿ ಮಾಡಿಕೊಂಡರು. ವ್ರತವನ್ನು ಕೇಳುತ್ತಲೇ ಬೆಳೆದ ನಾವು?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. "ರಸ್ತೆ ಸಾರ್ವಜನಿಕರದು. ಸಾರ್ವಜನಿಕ ವಸ್ತುವನ್ನು ಬಳಸಿದರೆ ಚೌರ್ಯವಾಗದು. ಬಾವಿಯ ನೀರನ್ನೂ ಹೊಳೆಯ ಮಣ್ಣನ್ನೂ ಗೃಹಸ್ಥನು ತೆಗೆದುಕೊಳ್ಳಬಹುದೆಂದು ಶಾಸ್ತ್ರವೇ ಬಿಟ್ಟುಕೊಟ್ಟಿದೆಯಲ್ಲ?" ಸರಿಯಾದ ಮಾತು. ಬಾವಿಯಿಂದ ನೀರು ಸೇದಿಕೊಂಡು ಹೋಗಬಹುದು. ಬಾವಿಯ ಬಾಯಿಗೆ ಅಡ್ಡಲಾಗಿ ನಾಲ್ಕು ಗಂಟೆ ಮಲಗುವಂತಿಲ್ಲ. ನಾನು ಬಳಸಿದ ಮೇಲೆ ಇನ್ನೊಬ್ಬನಿಗೂ ಉಳಿಯುವುದಾದರೆ ಅದು ಬಳಕೆ. ನಾನಿರುವಷ್ಟು ಹೊತ್ತೂ ಇನ್ನೊಬ್ಬನಿಗೆ ಇಲ್ಲವಾಗುವುದಾದರೆ ಅದು ಸ್ವಾಧೀನ. ಗುರುತು ಹಾಕಿದ ನಿಲುಗಡೆಯ ಜಾಗದಲ್ಲಿ ಶುಲ್ಕ ಕೊಟ್ಟೋ, ಅನುಮತಿಯಿದ್ದೋ ನಿಲ್ಲಿಸಿದರೆ ಅದು ಸಮಾಜ ನಮಗೆ ಕೊಟ್ಟ ನೆಲ. ಪಾದಚಾರಿ ಮಾರ್ಗ, ರಸ್ತೆಗಳು ಕೂಡುವ ತಿರುವು, ಬಸ್ಸು ನಿಲ್ಲುವ ಸ್ಥಳ, ಇನ್ನೊಬ್ಬರ ಗೇಟಿನ ಎದುರು, ಇವುಗಳನ್ನು ಸಮಾಜ ಯಾರಿಗೂ ಕೊಟ್ಟಿಲ್ಲ. ಫಲಕವಿರಲಿ, ಇಲ್ಲದಿರಲಿ, ಇಂತಹ ಸ್ಥಳಗಳಲ್ಲಿ ವಾಹನ ನಿಲ್ಲಿಸಬಾರದೆಂದು ಸಂಚಾರ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಮು ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಅಪಾಯ, ಅಡಚಣೆ ಅಥವಾ ಅನುಚಿತ ತೊಂದರೆಯಾಗುವಂತೆ ವಾಹನವನ್ನು ನಿಲ್ಲಿಸುವುದನ್ನೇ ನಿಷೇಧಿಸುತ್ತದೆ. ಆದುದರಿಂದ ಬ್ಯಾನರಿನ ಹಿಂದೆ ಅಡಗಿದ್ದ ಫಲಕ ನನ್ನನ್ನು ರಕ್ಷಿಸುವಂತಿರಲಿಲ್ಲ. ತಿರುವಿನಲ್ಲಿ, ಪಾದಚಾರಿ ಮಾರ್ಗದ ಮೇಲೆ ಚಕ್ರವೇರಿಸಿದ ಕ್ಷಣದಲ್ಲಿಯೇ ನನ್ನ ತಪ್ಪು ಪೂರ್ಣವಾಗಿತ್ತು.

ಅಚೌರ್ಯವ್ರತದ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು. ಹಿಂದಿನ ವ್ಯಾಖ್ಯಾನಗಳು ಇದನ್ನು ಮುಖ್ಯವಾಗಿ ವ್ಯಾಪಾರದ ಸಂದರ್ಭದಲ್ಲಿ ವಿವರಿಸಿವೆ. ಆದರೆ ರಾಜ್ಯದ ನಿಯಮವನ್ನು ಮೀರಿ ಲಾಭ ಪಡೆಯುವುದು ಚೌರ್ಯದ ಅಂಗಳಕ್ಕೆ ಕಾಲಿಟ್ಟಂತೆ ಎಂಬ ಅದರ ಭಾವ ಪೇಟೆಗೆ ಸಲ್ಲುವುದಾದರೆ ಬೀದಿಗೂ ಸಲ್ಲಬೇಕು. ಸತ್ಯವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯಿದೆ. ಗ್ಯಾರೇಜಿನ ಸುಳ್ಳು ಚೀಟಿ ಅದಲ್ಲದೆ ಮತ್ತೇನು? ಐನೂರು ರೂಪಾಯಿ ಉಳಿಸಲು ಎರಡು ವ್ರತಗಳನ್ನು ಒಟ್ಟಿಗೆ ಒತ್ತೆಯಿಡುವ ವ್ಯಾಪಾರಕ್ಕೆ ಲಾಭವೆಂಬ ಹೆಸರು ಸಲ್ಲುವುದಾದರೂ ಹೇಗೆ?

ದಂಡವನ್ನು ಪ್ರಶ್ನಿಸುವುದು ತಪ್ಪೇ?

ಹಾಗೆಂದು, ಬಂದ ಚಲನ್‌ಗಳೆಲ್ಲಕ್ಕೂ ತಲೆಬಾಗಿ ಹಣ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ತಪ್ಪು ಚಲನ್‌ಗೆ ಹಣ ಕಟ್ಟುವುದೂ ಸುಳ್ಳನ್ನು ಅನುಮೋದಿಸಿದಂತೆಯೇ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯನ್ನು ನಮ್ಮವರು ಹೇಳಿದ್ದು ಇದಕ್ಕೂ ಅನ್ವಯಿಸುತ್ತದೆ.

ನಮ್ಮ ನೆರೆಯ ವೃದ್ಧೆಯೊಬ್ಬರ ಮಗನ ಸ್ಕೂಟರಿಗೆ ನಗರದ ಇನ್ನೊಂದು ತುದಿಯಲ್ಲಿ ನಿಲುಗಡೆ ತಪ್ಪಿನ ದಂಡ ಬಿದ್ದಿತ್ತು. ಮಗ ಪರಸ್ಥಳದಲ್ಲಿದ್ದ, ಸ್ಕೂಟರು ಮೂರು ವಾರಗಳಿಂದ ಮನೆಯ ಮೆಟ್ಟಿಲ ಕೆಳಗೆ ಧೂಳು ಹಿಡಿದು ನಿಂತಿತ್ತು. ಆ ತಾಯಿ, "ಯಾಕಪ್ಪಾ ತಂಟೆ, ಕಟ್ಟಿಬಿಡುತ್ತೇನೆ" ಎಂದರು. ಬೇಡವೆಂದು ನಾನು ತಡೆದೆ. ಚಲನ್‌ನ ಚಿತ್ರವನ್ನು ತೆಗೆಸಿ ನೋಡಿದಾಗ ಸ್ಕೂಟರಿನ ಬಣ್ಣವೇ ಬೇರೆ; ಸಂಖ್ಯೆಯ ಒಂದು ಅಂಕಿಯನ್ನು ತಪ್ಪಾಗಿ ಓದಿಕೊಂಡಿದ್ದರು. ನೋಂದಣಿ ಪತ್ರದ ಪ್ರತಿ, ನಮ್ಮ ಸ್ಕೂಟರಿನ ಚಿತ್ರ, ಒಂದು ಅರ್ಜಿ, ಇವಿಷ್ಟನ್ನು ಹಿಡಿದು ಎರಡು ಬಾರಿ ಠಾಣೆಗೆ ಹೋಗಿ ಬಂದೆವು. ಎರಡನೆಯ ಬಾರಿಗೆ ಅದು ರದ್ದಾಯಿತು. ಯಾರ ಹೆಸರನ್ನೂ ಹೇಳಲಿಲ್ಲ, ಯಾರ ಕೈಯನ್ನೂ ಬಿಸಿ ಮಾಡಲಿಲ್ಲ. ಆ ತಾಯಿಯ ಮುಖದಲ್ಲಿ ಕಂಡ ಧೈರ್ಯ ದಂಡದ ಹಣಕ್ಕಿಂತ ದೊಡ್ಡದಾಗಿತ್ತು.

ಪ್ರಶ್ನಿಸುವ ಕ್ರಮವನ್ನು ಓದುಗರು ತಿಳಿದಿರಬೇಕು. ಮೊದಲು ಚಲನ್‌ನಲ್ಲಿರುವ ವಾಹನ ಸಂಖ್ಯೆ, ದಿನಾಂಕ, ಸಮಯ, ಸ್ಥಳ, ಆರೋಪಿಸಿದ ಕಲಮು ಇವುಗಳನ್ನು ಓದಬೇಕು, ಚಿತ್ರವನ್ನು ಪರಿಶೀಲಿಸಬೇಕು. ಸ್ಥಳಕ್ಕೆ ಹೋಗಿ ಫಲಕವಿದೆಯೇ, ಗೆರೆ ಎಳೆದಿದೆಯೇ, ಮರದ ಕೊಂಬೆ ಫಲಕವನ್ನು ಮುಚ್ಚಿದೆಯೇ ಎಂಬುದನ್ನು ಆದಷ್ಟು ಬೇಗ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಅರ್ಜಿಯನ್ನು ಬರವಣಿಗೆಯಲ್ಲಿಯೇ ಕೊಟ್ಟು, ಸ್ವೀಕೃತಿ ಪಡೆಯಬೇಕು. ಯಂತ್ರದ ಕಣ್ಣಿನಿಂದ ಹಿಡಿದ ತಪ್ಪುಗಳ ಬಗ್ಗೆ ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ನಿಯಮವು ಹದಿನೈದು ದಿನಗಳೊಳಗೆ ನೋಟಿಸು ಕಳುಹಿಸಬೇಕೆಂದೂ, ಚಲನ್ ಇತ್ಯರ್ಥವಾಗುವವರೆಗೆ ದಾಖಲೆಯನ್ನು ಕಾಪಾಡಬೇಕೆಂದೂ ವಿಧಿಸಿತು. ಎಂದರೆ ಸಾಕ್ಷ್ಯವನ್ನು ಕೇಳುವುದು ನಮ್ಮ ಹಕ್ಕು, ಬೇಡಿಕೊಳ್ಳುವ ದಯೆಯಲ್ಲ. ಬಹಳ ಜನರಿಗೆ ತಿಳಿಯದ ಇನ್ನೊಂದು ಸಂಗತಿಯಿದೆ. ಠಾಣೆಯಲ್ಲೋ ರಸ್ತೆಯಲ್ಲೋ ಕಟ್ಟುವ ದಂಡ ಕಾಯ್ದೆಯ 200ನೇ ಕಲಮಿನ ಪ್ರಕಾರ ಆಗುವ ರಾಜಿ. ಹಣ ಕಟ್ಟಿದೊಡನೆ ಪ್ರಕರಣ ಮುಗಿಯುತ್ತದೆ. ಆಮೇಲೆ "ನಾನು ತಪ್ಪು ಮಾಡಿರಲಿಲ್ಲ" ಎಂದು ವಾದಿಸಲು ಏನೂ ಉಳಿಯುವುದಿಲ್ಲ. ತಪ್ಪಿಲ್ಲವೆಂದು ನಿಶ್ಚಯವಿರುವವನು ರಾಜಿಗೆ ಒಪ್ಪದೆ ಸಂಚಾರ ನ್ಯಾಯಾಲಯದ ಮುಂದೆ ನಿಂತು ಹೇಳಬಹುದು.

ಆದರೆ ಪ್ರಶ್ನಿಸುವ ಮೊದಲು ಒಂದು ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಳ್ಳಬೇಕು: ನಾನು ಹೇಳಲಿರುವುದು ನಡೆದ ಸಂಗತಿಯೋ, ಅಥವಾ ತಪ್ಪಿಸಿಕೊಳ್ಳಲು ಸಿಕ್ಕ ಸಂದಿಯೋ? ವೃದ್ಧೆಯ ಅರ್ಜಿ ಮೊದಲನೆಯ ಜಾತಿಯದು. ನಾನು ಬರೆಯಬೇಕೆಂದಿದ್ದ ಅರ್ಜಿ ಎರಡನೆಯದು. ಫಲಕ ಕಾಣುತ್ತಿರಲಿಲ್ಲವೆಂಬುದು ನಿಜ. ಆದರೆ ಅದನ್ನು ಕಾಣದಂತೆ ಮಾಡಿದವರಲ್ಲಿ ನಾನೂ ಒಬ್ಬ, ಮತ್ತು ಆ ರಸ್ತೆಯಲ್ಲಿ ಇಪ್ಪತ್ತು ವರ್ಷ ಓಡಾಡಿದ ನನಗೆ ಅಲ್ಲಿ ನಿಲ್ಲಿಸಬಾರದೆಂಬುದು ಚೆನ್ನಾಗಿ ಗೊತ್ತಿತ್ತು. ಅರ್ಜಿಯ ಪ್ರತಿ ಅಕ್ಷರವೂ ನಿಜವಾಗಿದ್ದು, ಅರ್ಜಿಯೇ ಸುಳ್ಳಾಗುವುದು ಸಾಧ್ಯ. ನಾನು ಪೂರ್ಣ ಮೊತ್ತವನ್ನು ಕಟ್ಟಿದೆ.

ರಾಜ್ಯದ ಪಾಲು

ದೋಷ ನಮ್ಮಲ್ಲಿ ಮಾತ್ರವಿದೆಯೆಂದು ಬರೆದರೆ ಅರ್ಧ ಸತ್ಯವನ್ನು ಬರೆದಂತಾಗುತ್ತದೆ. 1988ರ ಕಾಯ್ದೆಯ 117ನೇ ಕಲಮು ವಾಹನ ನಿಲ್ಲಬಹುದಾದ ಸ್ಥಳಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಎಲ್ಲಿ ನಿಲ್ಲಿಸಬಾರದು ಎಂದು ಹೇಳುವವರು ಎಲ್ಲಿ ನಿಲ್ಲಿಸಬಹುದು ಎಂಬುದನ್ನೂ ಹೇಳಬೇಕಲ್ಲವೇ? ಬೆಂಗಳೂರಿನ ಪಾರ್ಕಿಂಗ್ ನೀತಿಗೆ 2021ರಲ್ಲಿ ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟಿತು. ಮನೆಯ ಮುಂದಿನ ರಸ್ತೆಯಲ್ಲಿ ಕಾರು ನಿಲ್ಲಿಸುವವರು ವಾಹನದ ಗಾತ್ರಕ್ಕೆ ತಕ್ಕಂತೆ ವಾರ್ಷಿಕ ಶುಲ್ಕ ಕೊಟ್ಟು ಅನುಮತಿ ಪಡೆಯಬೇಕೆಂಬ ಒಳ್ಳೆಯ ಆಲೋಚನೆ ಅದರಲ್ಲಿತ್ತು. ಕಾಗದದ ಮೇಲಿನ ನೀತಿ ಬೀದಿಗೆ ಇಳಿಯುವುದು ಎಷ್ಟು ನಿಧಾನವೆಂಬುದನ್ನು ನಗರವಾಸಿಗಳಿಗೆ ವಿವರಿಸಬೇಕಾಗಿಲ್ಲ. 2025ರಲ್ಲಿ ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ಪಾಲಿಕೆಗಳೂ ಬಂದವು. ಆಡಳಿತ ಹಂಚಿಹೋದಾಗ ಹೊಣೆಯೂ ಹಂಚಿಹೋಗಿ ಕಾಣೆಯಾಗದಿರಲಿ.

ಇನ್ನು ದಂಡದ ಮಾತು. ಕಾಯ್ದೆಯಲ್ಲಿ ಮೊದಲ ತಪ್ಪಿಗೆ ನೂರು ರೂಪಾಯಿಯವರೆಗೆ ಇದ್ದ ಸಾಮಾನ್ಯ ದಂಡದ ಮಿತಿಯನ್ನು 2019ರ ತಿದ್ದುಪಡಿ ಐನೂರಕ್ಕೂ, ಮರುಕಳಿಸಿದ ತಪ್ಪಿಗೆ ಮುನ್ನೂರರಿಂದ ಸಾವಿರದ ಐನೂರಕ್ಕೂ ಏರಿಸಿತು. ಭಯ ಹೆಚ್ಚಲೆಂದು ಏರಿಸಿದರು. ಆಮೇಲೆ ನಮ್ಮ ರಾಜ್ಯದಲ್ಲಿ ಏನಾಯಿತು? 2023ರ ಫೆಬ್ರವರಿಯಲ್ಲಿ ಬಾಕಿ ಸಂಚಾರ ದಂಡಗಳಿಗೆ ಅರ್ಧದಷ್ಟು ರಿಯಾಯಿತಿ ಘೋಷಣೆಯಾಯಿತು. ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಹೆಚ್ಚು ಹಣ ಬಂದಿತು. 2025ರ ಆಗಸ್ಟ್ ತಿಂಗಳಲ್ಲಿ ಮತ್ತೆ ಅದೇ ರಿಯಾಯಿತಿ. ಖಜಾನೆ ತುಂಬಿತೆಂದು ಸಂತೋಷಪಟ್ಟವರು ಒಂದು ಲೆಕ್ಕವನ್ನು ಮರೆತರು. ತಪ್ಪು ಮಾಡಿ ಮರುದಿನವೇ ಪೂರ್ತಿ ಕಟ್ಟಿದವನು ದಡ್ಡನಾದ; ವರ್ಷಗಟ್ಟಲೆ ಲಕ್ಷ್ಯಕ್ಕೆ ತಾರದವನು ಬುದ್ಧಿವಂತನಾದ. ದೀಪಾವಳಿಯ ಜವಳಿಯಂತೆ ದಂಡವನ್ನೂ ಅರ್ಧ ಬೆಲೆಗೆ ಮಾರಿದರೆ ಅದು ದಂಡವಾಗಿ ಉಳಿಯುವುದಿಲ್ಲ. ತಪ್ಪಿಗೆ ಕಟ್ಟುವ ಬಾಡಿಗೆಯಾಗುತ್ತದೆ. ನನ್ನ ಮೂರನೆಯ ಹಿತೈಷಿಗೆ ಆ ವಿವೇಕವನ್ನು ಕಲಿಸಿದ್ದು ಸರ್ಕಾರವೇ.

ನಿರಪರಾಧಿಯ ಸ್ಥಿತಿಯಂತೂ ಇನ್ನೂ ವಿಚಿತ್ರ. ಐನೂರು ರೂಪಾಯಿಯ ತಪ್ಪು ಚಲನ್ ರದ್ದು ಮಾಡಿಸಲು ಎರಡು ದಿನದ ಕೂಲಿ ಕಳೆದುಕೊಳ್ಳಬೇಕಾದರೆ, ದಿನಗೂಲಿಯವನು ಸತ್ಯಕ್ಕಾಗಿ ನಿಲ್ಲಲಾರ, ಕಟ್ಟಿ ಕೈತೊಳೆದುಕೊಳ್ಳುತ್ತಾನೆ. ಅಪರಾಧಿಗೆ ರಿಯಾಯಿತಿ, ನಿರಪರಾಧಿಗೆ ಅಲೆದಾಟ ಎಂಬ ವ್ಯವಸ್ಥೆ ಜನರಲ್ಲಿ ಕಾನೂನಿನ ಗೌರವವನ್ನು ಬೆಳೆಸಲಾರದು. ಹಿಂದೆ ವಾಹನಗಳನ್ನು ಎತ್ತಿಕೊಂಡು ಹೋಗುತ್ತಿದ್ದ ಟೋಯಿಂಗ್ ವ್ಯವಸ್ಥೆಯನ್ನು ಅದರ ಸಿಬ್ಬಂದಿಯ ವರ್ತನೆಯ ಬಗ್ಗೆ ಸಾರ್ವಜನಿಕರ ಆಕ್ರೋಶ ಮಿತಿಮೀರಿದ ಮೇಲೆ 2022ರ ಆರಂಭದಲ್ಲಿ ನಿಲ್ಲಿಸಬೇಕಾಗಿ ಬಂದದ್ದೂ ಇದೇ ಪಾಠವನ್ನು ಹೇಳುತ್ತದೆ. ವಿವರಣೆಯಿಲ್ಲದ ಅಧಿಕಾರ ವಿಧೇಯತೆಯನ್ನು ತರುವುದಿಲ್ಲ, ದ್ವೇಷವನ್ನು ತರುತ್ತದೆ.

ಇಷ್ಟಾದರೂ, ರಾಜ್ಯದ ಲೋಪ ನಮ್ಮ ವ್ರತಕ್ಕೆ ಬಿಡುಗಡೆಯ ಚೀಟಿಯಲ್ಲ. ಅಂಗಡಿಯವನು ತೂಕದಲ್ಲಿ ಮೋಸ ಮಾಡಿದನೆಂದು ಅವನ ಗಲ್ಲಾಪೆಟ್ಟಿಗೆಗೆ ಕೈಹಾಕಲು ಶ್ರಾವಕನಿಗೆ ಅನುಮತಿಯಿಲ್ಲ. ಮತ್ತು ಸೌಲಭ್ಯ ಒದಗಿದಾಗಲಾದರೂ ನಾವು ಬಳಸಿದೆವೇ? ಫ್ರೀಡಂ ಪಾರ್ಕಿನ ಬಳಿ ಐನೂರಕ್ಕೂ ಹೆಚ್ಚು ಕಾರುಗಳು ನಿಲ್ಲುವ ಬಹುಮಹಡಿ ನಿಲ್ದಾಣ 2024ರಲ್ಲಿ ತೆರೆಯಿತು. ಗಾಂಧಿನಗರದ ಬೀದಿಗಳು ಕಾರುಗಳಿಂದ ಕಿಕ್ಕಿರಿದಿರುವಾಗ, ನಡೆದು ಹೋಗಬಹುದಾದ ದೂರದಲ್ಲಿರುವ ಆ ಕಟ್ಟಡ ಮೊದಮೊದಲು ಬಹುಮಟ್ಟಿಗೆ ಖಾಲಿಯಾಗಿತ್ತು. ಪೇಟೆಯ ಮಧ್ಯದಲ್ಲಿರುವ ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆಯ ಮೆಟ್ರೋ ನಿಲ್ದಾಣಗಳು 2017ರಿಂದ ತೆರೆದಿವೆ. ಹತ್ತು ನಿಮಿಷ ನಡೆಯಲಾರದೆ, ಮೂವತ್ತು ರೂಪಾಯಿ ಕೊಡಲಾರದೆ, ಬೀದಿಯನ್ನೇ ಆಕ್ರಮಿಸಿದವರು "ಪಾರ್ಕಿಂಗೇ ಇಲ್ಲ" ಎಂದು ದೂರಿದರೆ ಅದರಲ್ಲಿ ಎಷ್ಟು ಪಾಲು ಸತ್ಯ?

ಬಸದಿಯ ಬಾಗಿಲಲ್ಲಿ

ಈಗ ಟ್ರಸ್ಟುಗಳ ಪದಾಧಿಕಾರಿಗಳೊಡನೆ ಎರಡು ಮಾತು. ಇದು ನನಗೂ ಹೇಳಿಕೊಳ್ಳುವ ಮಾತು.

ಮುನಿಮಹಾರಾಜರು ಪಾದವಿಹಾರದಲ್ಲಿ ನಗರಕ್ಕೆ ಬರುತ್ತಾರೆ. ಬರಿಗಾಲಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತಾ, ಕ್ರಿಮಿಕೀಟಕ್ಕೂ ಬಾಧೆಯಾಗದಂತೆ ಈರ್ಯಾಸಮಿತಿಯನ್ನು ಪಾಲಿಸುತ್ತಾ ಹೆಜ್ಜೆಯಿಡುತ್ತಾರೆ. ಅವರ ದರ್ಶನಕ್ಕೆ ನಾವು ನೂರಾರು ಕಾರುಗಳಲ್ಲಿ ಧಾವಿಸಿ, ಅವರು ನಡೆಯಬೇಕಾದ ಪಾದಚಾರಿ ಮಾರ್ಗದ ಮೇಲೆಯೇ ಕಾರುಗಳನ್ನು ಏರಿಸಿ ನಿಲ್ಲಿಸುತ್ತೇವೆ. ಪೂಜ್ಯರೂ, ಅವರ ಹಿಂದೆ ನಡೆಯುವ ಮಾತಾಜಿಯವರೂ, ಶಾಲೆಗೆ ಹೋಗುವ ಮಕ್ಕಳೂ, ಕೋಲೂರಿ ನಡೆಯುವ ವೃದ್ಧರೂ ಬಸ್ಸು ಲಾರಿಗಳ ನಡುವೆ ಇಳಿದು ನಡೆಯಬೇಕು. ನಮ್ಮ ಭಕ್ತಿಯ ಈ ರೂಪವನ್ನು ನೋಡಿ ಅನ್ಯರು ನಗುವುದರಲ್ಲಿ ಆಶ್ಚರ್ಯವೇನು?

"ಬೇರೆ ಸಮಾಜದವರ ಜಾತ್ರೆ ಉತ್ಸವಗಳಲ್ಲಿಯೂ ಹೀಗೆಯೇ ಆಗುತ್ತದೆಯಲ್ಲ" ಎಂಬುದು ಸಿದ್ಧ ಉತ್ತರ. ಆಗುತ್ತದೆ. ಆದರೆ ಅವರಂತೆ ನಾವೂ ರಾತ್ರಿ ಉಣ್ಣಬಹುದಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇವೆಯೇ? ಆಹಾರದಲ್ಲಿ ನಮ್ಮ ದಾರಿ ಬೇರೆ, ಬೀದಿಯಲ್ಲಿ ಮಾತ್ರ ಎಲ್ಲರ ದಾರಿ ಎಂಬ ಅನುಕೂಲಸಿಂಧು ಧರ್ಮ ನಮಗೆ ಬೇಡ.

ಆದುದರಿಂದ ಟ್ರಸ್ಟುಗಳ ಮುಂದೆ ಈ ಕೆಳಗಿನ ಸಲಹೆಗಳನ್ನು ಇಡುತ್ತೇನೆ:

1. ಉತ್ಸವದ ಆಮಂತ್ರಣ ಪತ್ರಿಕೆಯಲ್ಲಿ ಅತಿಥಿಗಳ ಹೆಸರುಗಳಿಗೆ ಕೊಡುವ ಸ್ಥಳದಲ್ಲಿ ಎರಡು ಸಾಲನ್ನು, ಸಮೀಪದ ಮೆಟ್ರೋ ಮತ್ತು ಬಸ್ ನಿಲ್ದಾಣಗಳಿಗೂ ವಾಹನ ನಿಲ್ಲಿಸಬೇಕಾದ ಸ್ಥಳಕ್ಕೂ ಮೀಸಲಿಡಬೇಕು.

2. ಭಾನುವಾರ ಖಾಲಿಯಿರುವ ಶಾಲೆಯ ಮೈದಾನವನ್ನು ಬಾಡಿಗೆ ಕೊಟ್ಟು ಪಡೆಯಬೇಕು. ಪೆಂಡಾಲಿಗೆ, ಅಲಂಕಾರಕ್ಕೆ ಸಿಗುವ ದಾನಿಗಳು ಇದಕ್ಕೂ ಸಿಗುತ್ತಾರೆ. ಮೈದಾನದಿಂದ ವೃದ್ಧರನ್ನು ಕರೆತರಲು ಒಂದು ವಾಹನವನ್ನು ಓಡಿಸಿದರೆ ಸಾಕು.

3. ಗಣ್ಯರ ಕಾರಿಗೆಂದು ರಸ್ತೆಯಲ್ಲಿ ಕಲ್ಲು, ಹಗ್ಗ, ಕುರ್ಚಿ ಇಟ್ಟು ಜಾಗ ಕಾಯ್ದಿರಿಸುವುದನ್ನು ಇಂದೇ ನಿಲ್ಲಿಸಬೇಕು. ಇದು ಸ್ವಯಂಸೇವಕರ ಕೈಯಿಂದ ಮಾಡಿಸುವ ಚೌರ್ಯ. ಮಾಡಿಸಿದವರಿಗೆ ಮಾಡಿದವರಷ್ಟೇ ಪಾಲು ಉಂಟು.

4. ಬ್ಯಾನರುಗಳನ್ನು ಸಂಚಾರ ಫಲಕಗಳ ಮೇಲೆ ಕಟ್ಟಬಾರದು. ಈ ಪಾಠಕ್ಕೆ ನಾನು ಶುಲ್ಕ ಕೊಟ್ಟಿದ್ದೇನೆ.

5. ಟ್ರಸ್ಟುಗಳ ಕಲ್ಯಾಣಮಂಟಪಗಳಲ್ಲಿ ವಾಹನಗಳಿಗೆಂದು ನಕ್ಷೆಯಲ್ಲಿ ತೋರಿಸಿದ ನೆಲಮಾಳಿಗೆ ಇಂದು ಊಟದ ಹಾಲ್ ಆಗಿದ್ದರೆ, ಪಾತ್ರೆಗಳ ಉಗ್ರಾಣವಾಗಿದ್ದರೆ, ಅದನ್ನು ಮೊದಲಿನಂತೆ ಮಾಡಬೇಕು. ನಕ್ಷೆಯಲ್ಲಿ ಒಂದು, ನೆಲದಲ್ಲಿ ಮತ್ತೊಂದು ಇರುವುದು ಕಲ್ಲು ಗಾರೆಗಳಲ್ಲಿ ಬರೆದ ಕೂಟಲೇಖ.

6. ಟ್ರಸ್ಟಿನ ವಾಹನಕ್ಕೆ ಬಿದ್ದ ದಂಡವನ್ನು ಬಸದಿಯ ಭಂಡಾರದಿಂದ ಕಟ್ಟಬಾರದು. ದೇವದ್ರವ್ಯ ನಮ್ಮ ಅಜಾಗರೂಕತೆಯ ಬೆಲೆ ತೆರಲು ಬಂದದ್ದಲ್ಲ. ವಾಹನವನ್ನು ಅಲ್ಲಿ ನಿಲ್ಲಿಸಲು ಹೇಳಿದವರೇ ಕಟ್ಟಬೇಕು.

7. ಅಕ್ಕಪಕ್ಕದ ಮನೆಗಳಿಗೆ ಉತ್ಸವದ ಮೊದಲೇ ಹೋಗಿ, ಅವರ ಮನೆಯಲ್ಲಿ ರೋಗಿಗಳು, ಗರ್ಭಿಣಿಯರು, ವೃದ್ಧರು ಇದ್ದಾರೆಯೇ ಎಂದು ವಿಚಾರಿಸಿ, ಅವರ ಗೇಟಿಗೆ ಒಬ್ಬ ಸ್ವಯಂಸೇವಕನನ್ನು ಕಾವಲು ನಿಲ್ಲಿಸಬೇಕು. ಪ್ರಸಾದವನ್ನು ಆಮೇಲೆ ಕಳುಹಿಸಿದರಾಯಿತು. ದಾರಿಯನ್ನು ಮೊದಲು ಬಿಡೋಣ.

ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಆದೇಶ ಬೇಕಿಲ್ಲ, ದೊಡ್ಡ ನಿಧಿ ಬೇಕಿಲ್ಲ. ಪದಾಧಿಕಾರಿಗಳು ಮೊದಲು ತಾವೇ ಕಾರನ್ನು ದೂರದಲ್ಲಿ ನಿಲ್ಲಿಸಿ ನಡೆದು ಬರಬೇಕು, ಅಷ್ಟೇ. ಅಧ್ಯಕ್ಷರ ಕಾರು ಬಸದಿಯ ಮೆಟ್ಟಿಲಿಗೆ ತಗುಲಿ ನಿಂತಿರುವವರೆಗೆ ಸಾಮಾನ್ಯ ಶ್ರಾವಕನು ಮೈದಾನವನ್ನು ಹುಡುಕಿಕೊಂಡು ಹೋಗಲಾರ.

ದಂಡ ಕಟ್ಟಿದ ರಸೀತಿಯನ್ನು ಹಿಡಿದು ನಾನು ಆ ಎದುರು ಮನೆಗೆ ಮತ್ತೊಮ್ಮೆ ಹೋಗಿದ್ದೆ. ರಸೀತಿಯನ್ನು ಅವರಿಗೆ ತೋರಿಸಬೇಕಾದ ಅಗತ್ಯವೇನೂ ಇರಲಿಲ್ಲ. ಕ್ಷಮೆ ಕೇಳಲು ಬರಿಗೈಯಲ್ಲಿ ಹೋಗುವ ಧೈರ್ಯ ಸಾಲಲಿಲ್ಲವೆಂದು ಕಾಣುತ್ತದೆ. ಅವರು ಒಳಗೆ ಕರೆದು ಕೂರಿಸಿದರು. ಮಂಚದ ಮೇಲೆ ಮಲಗಿದ್ದ ಅವರ ತಾಯಿ, ಯಾರು ಎಂಬಂತೆ ಮಗನ ಮುಖ ನೋಡಿದರು. "ಎದುರಿನ ಬಸದಿಯವರಮ್ಮ" ಎಂದರು ಮಗ. ಆಕೆ ಮೆಲ್ಲಗೆ ಕೈಮುಗಿದರು. ನಾವು ಪರ್ಯುಷಣದ ಕೊನೆಯಲ್ಲಿ ಪರಸ್ಪರ ಕ್ಷಮೆ ಕೇಳಿಕೊಳ್ಳುವಾಗ, ಕೇಳುವುದು ಬಹುಮಟ್ಟಿಗೆ ನಮ್ಮವರನ್ನೇ. ಈ ವರ್ಷ ಬಸದಿಯ ಬೀದಿಯ ಎಲ್ಲ ಮನೆಗಳ ಬಾಗಿಲು ತಟ್ಟೋಣ. ಆದರೆ ಹಾಗೆ ತಟ್ಟಲು ಹೋಗುವ ದಿನ, ದಯವಿಟ್ಟು, ಕಾರುಗಳನ್ನು ಅವರ ಬಾಗಿಲಿನ ಮುಂದೆ ನಿಲ್ಲಿಸದಿರೋಣ.